ಅತಿ ಬೆವರಿನ ಮೂಲ ಪತ್ತೆ ಮಾಡುವುದು ಹೇಗೆ?

ವಿಪರೀತ ಬೆವರುತ್ತೇನೆ ಎಂದು ವೈದ್ಯರ ಬಳಿ ಹೋಗುವವರ ಕೈಯಲ್ಲಿ ಥೈರಾಯ್ಡ್ ವರದಿ ಇರುತ್ತದೆ, ಬ್ಯಾಗಿನಲ್ಲಿ ಅರ್ಧ ಖಾಲಿಯಾದ ಡಿಯೋಡರೆಂಟ್ ಇರುತ್ತದೆ. ಎಲ್ಲೆಲ್ಲಿ ಬೆವರು, ಯಾವಾಗಿನಿಂದ, ನಿದ್ದೆಯಲ್ಲೂ ಬರುತ್ತದೆಯೇ ಎಂದು ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತಾರೆ. ಕಾರಣ ಸಿಗುವುದು ಬಹುಪಾಲು ಈ ಮೂರು ಉತ್ತರಗಳಲ್ಲೇ. ರಕ್ತಪರೀಕ್ಷೆಯ ಸರದಿ ಆಮೇಲಿನದು.

ಹೊರಡುವ ಮೊದಲು ಒಂದು ಮಾತು. ಎದೆನೋವು, ಉಸಿರುಗಟ್ಟಿದಂತಾಗುವುದು, ತೋಳಿಗೋ ದವಡೆಗೋ ಹರಡುವ ನೋವು ಇವುಗಳ ಜೊತೆ ತಣ್ಣನೆಯ ಬೆವರು ಕಿತ್ತು ಬಂದರೆ ಹೃದಯಾಘಾತ ಇರಬಹುದು. ಪಟ್ಟಿ ಬರೆಯುತ್ತ ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ಹಂತ 1: ಜಾಗ ಗುರುತಿಸಿ

ಅಂಗೈ, ಅಂಗಾಲು, ಕಂಕುಳು ಅಥವಾ ಮುಖ ಮಾತ್ರ, ಅದೂ ಎರಡೂ ಬದಿಗೆ ಸಮನಾಗಿ ಬೆವರುತ್ತದೆಯೇ? 25 ವರ್ಷದೊಳಗೇ ಶುರುವಾಯಿತೇ? ರಕ್ತಸಂಬಂಧಿಗಳಲ್ಲಿ ಇನ್ನೊಬ್ಬರಿಗೂ ಇದೆಯೇ? ನಿದ್ದೆ ಹತ್ತಿದ ಮೇಲೆ ನಿಲ್ಲುತ್ತದೆಯೇ? ಉತ್ತರಗಳು ಹೌದು ಎಂದಾದರೆ ಇದು ಬೇರೆ ಕಾಯಿಲೆಯಿಂದ ಬಂದದ್ದಲ್ಲ, ಪ್ರಾಥಮಿಕ ಅತಿಬೆವರು. ಬೆವರುಗ್ರಂಥಿಗಳು ಸಾಮಾನ್ಯವಾಗಿಯೇ ಇರುತ್ತವೆ, ಅವಕ್ಕೆ ಆಜ್ಞೆ ಕೊಡುವ ನರಗಳದ್ದು ಅತಿ ಉತ್ಸಾಹ. ಬರೆಯುವಾಗ ಅಂಗೈ ಕೆಳಗಿನ ಕಾಗದ ಒದ್ದೆಯಾಗಿ ಶಾಯಿ ಕದಡುತ್ತದೆ, ಮೊಬೈಲ್ ಬೆರಳಚ್ಚನ್ನು ಗುರುತಿಸುವುದಿಲ್ಲ. ಇಂಥವರಿಗೆ ‘ಪುಕ್ಕಲು ಸ್ವಭಾವ’ ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಆತಂಕದಿಂದ ಬೆವರು ಹೆಚ್ಚುವುದು ನಿಜ, ಆದರೆ ಕೈಕುಲುಕಬೇಕಲ್ಲ ಎಂಬ ಆತಂಕ ಹುಟ್ಟುವುದೇ ಬೆವರಿನಿಂದ.

ದೇಹದ ಒಂದೇ ಪಾರ್ಶ್ವ ಬೆವರಿದರೆ ನರದ ತೊಂದರೆ ಇದೆಯೇ ಎಂದು ನೋಡಿಸಬೇಕು. ಖಾರ ತಿಂದಾಗ ಹಣೆ ಬೆವರುವುದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಹಂತ 2: ರಾತ್ರಿಯನ್ನು ಗಮನಿಸಿ

ಮೊದಲು ದಪ್ಪ ಹೊದಿಕೆ ತೆಗೆದು ನೋಡಿ. ಕೋಣೆ ತಂಪಾಗಿದ್ದು, ಹೊದಿಕೆ ತೆಳುವಾಗಿದ್ದೂ ಬಟ್ಟೆ ತೊಯ್ದು ತೊಪ್ಪೆಯಾಗಿ ಬದಲಿಸಬೇಕಾಗುತ್ತಿದ್ದರೆ ಅದು ಲೆಕ್ಕಕ್ಕೆ ಬರುವ ಬೆವರು. ಜೊತೆಗೆ ಜ್ವರ, ಕೆಮ್ಮು, ತೂಕ ಇಳಿಕೆ, ಕುತ್ತಿಗೆಯಲ್ಲಿ ಗಂಟು ಇದ್ದರೆ ಕ್ಷಯ ಅಥವಾ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಸುಮ್ಮನಿರಬಾರದು. ಎದೆಯಿಂದ ಮುಖಕ್ಕೆ ಬಿಸಿ ಏರಿ, ಕೆಲವು ನಿಮಿಷ ಬೆವರಿ, ಆಮೇಲೆ ಚಳಿಯಾದರೆ ಅದು ಮುಟ್ಟು ನಿಲ್ಲುವ ಕಾಲದ ಲಕ್ಷಣ. ಕುಡಿತವೂ, ಕುಡಿತವನ್ನು ಹಠಾತ್ತಾಗಿ ಬಿಡುವುದೂ ಬೆವರಿಳಿಸುತ್ತವೆ.

ಹಂತ 3: ಔಷಧಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಯಾವ ಮಾತ್ರೆಯೂ ಇಲ್ಲ’ ಎನ್ನುತ್ತಾರೆ. ಕೆದಕಿ ಕೇಳಿದರೆ ಬೆನ್ನುನೋವಿಗೆ ಒಂದು, ನಿದ್ದೆಗೆ ಅರ್ಧ, ‘ಅದೇನು ಬಿಡಿ, ಬರೀ ಥೈರಾಯ್ಡ್ ಮಾತ್ರೆ’ ಎಂದು ಇನ್ನೊಂದು ಹೊರಬೀಳುತ್ತದೆ. ನೆನಪಿನಿಂದ ಪಟ್ಟಿ ಮಾಡಲೇಬೇಡಿ. ಕೈಚೀಲ, ದಿಂಬಿನ ಪಕ್ಕ, ಕಚೇರಿಯ ಡ್ರಾಯರ್ ಎಲ್ಲಿದ್ದರೂ ಎತ್ತಿ ತಂದು ಒಂದೆಡೆ ಹರವಿ. ಮಾತ್ರೆಯ ಹಾಳೆಯನ್ನು ಕತ್ತರಿಸಿ ಕತ್ತರಿಸಿ ಬೆಳ್ಳಿಬಣ್ಣದ ತುಣುಕಿನ ಮೇಲೆ ಮೂರಕ್ಷರ ಉಳಿಸಿಕೊಂಡಿರುತ್ತಾರೆ. ಅದರಿಂದ ಔಷಧ ಯಾವುದೆಂದು ಊಹಿಸುವುದು ಯಾರಿಂದಲೂ ಆಗದು. ಹೆಸರು, ಪ್ರಮಾಣ ಇರುವ ಭಾಗವನ್ನು ಕೊನೆಗೆ ಕತ್ತರಿಸಿ.

ಈಗ ಪ್ರತಿ ಔಷಧದ ಮುಂದೆ ಎರಡು ದಿನಾಂಕ ಬರೆಯಿರಿ: ಶುರು ಮಾಡಿದ್ದು, ಪ್ರಮಾಣ ಬದಲಿಸಿದ್ದು. ಬಿಲ್ಲು, ಹಳೆಯ ಚೀಟಿ ನೋಡಿಯೇ ಬರೆಯಿರಿ. ಪಕ್ಕದಲ್ಲಿ ಬೆವರು ಹೆಚ್ಚಿದ ಕಾಲವನ್ನು ಗುರುತು ಮಾಡಿ. ಎರಡೂ ಹತ್ತಿರ ಬಂದರೆ ಆ ಔಷಧ ಅನುಮಾನಕ್ಕೆ ಒಳಗಾಯಿತು. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲಿನ್, ವೆನ್ಲಾಫ್ಯಾಕ್ಸಿನ್. ನೋವಿಗೆ ಕೊಡುವ ಟ್ರಮಡಾಲ್. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್. ಪ್ರಮಾಣ ಮೀರಿದ ಥೈರಾಕ್ಸಿನ್ (ಅದೇ ಥೈರಾಯ್ಡ್ ಮಾತ್ರೆ). ಇವೆಲ್ಲ ಬೆವರು ತರಿಸುವುದರಲ್ಲಿ ಹೆಸರಾದವು. ಜ್ವರದ ಪ್ಯಾರಸಿಟಮಾಲ್ ನುಂಗಿದ ಮೇಲೆ ಬೆವರಿದರೆ ಅದು ಜ್ವರ ಇಳಿಯುತ್ತಿರುವ ಗುರುತು, ದೂರಬೇಡಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬೆವರಿದ ಗಳಿಗೆಯಲ್ಲೇ ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಪರೀಕ್ಷಿಸಬೇಕು. ಮರುದಿನ ಬೆಳಿಗ್ಗೆ ನೋಡಿದರೆ ಕಳ್ಳ ಓಡಿಹೋಗಿರುತ್ತಾನೆ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕಾರಣ ಸಿಕ್ಕಿತು. ಆ ಕ್ಷಣಕ್ಕೆ 15 ಗ್ರಾಂನಷ್ಟು ಸಕ್ಕರೆ ಅಥವಾ ಗ್ಲೂಕೋಸ್ ತಿಂದು 15 ನಿಮಿಷದ ಬಳಿಕ ಮತ್ತೆ ಅಳೆಯಿರಿ. ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಔಷಧ) ಕೂಡ ನುಂಗುತ್ತಿದ್ದರೆ ಎದೆಬಡಿತ, ನಡುಕದ ಸೂಚನೆಗಳು ಮುಚ್ಚಿಹೋಗುತ್ತವೆ, ಉಳಿಯುವ ಎಚ್ಚರಿಕೆ ಬೆವರೊಂದೇ ಆಗಬಹುದು. ಈ ಸಂಗತಿಯನ್ನು ಮನೆಯವರಿಗೂ ತಿಳಿಸಿ.

ಪಟ್ಟಿ ನೋಡಿದೊಡನೆ ತಾವೇ ಮಾತ್ರೆ ನಿಲ್ಲಿಸುವ ಬುದ್ಧಿವಂತರಿದ್ದಾರೆ. ವೆನ್ಲಾಫ್ಯಾಕ್ಸಿನ್ ಅನ್ನು ಏಕಾಏಕಿ ಬಿಟ್ಟರೆ ಅದರಿಂದಲೇ ಬೆವರು ಸುರಿಯುತ್ತದೆ, ತಲೆಸುತ್ತೂ ಬರುತ್ತದೆ. ಬದಲಿಸುವುದನ್ನು ಬರೆದುಕೊಟ್ಟವರಿಗೇ ಬಿಡಿ.

ಹಂತ 4: ಪರೀಕ್ಷೆ

ಹದಿಹರೆಯದಿಂದ ಅಂಗೈ ಮಾತ್ರ ಬೆವರುವವರಿಗೆ ಸಾಮಾನ್ಯವಾಗಿ ಯಾವುದೂ ಬೇಡ. ಮೈಪೂರ್ತಿ ಬೆವರು ಹೊಸದಾಗಿ ಬಂದಿದ್ದರೆ ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್, ಸಕ್ಕರೆ, ರಕ್ತಕಣಗಳ ಎಣಿಕೆ, ಅಗತ್ಯವಿದ್ದರೆ ಎದೆಯ ಎಕ್ಸ್‌ರೇ. ತಲೆನೋವು, ಎದೆಬಡಿತ, ಬೆವರು ಮೂರೂ ಒಟ್ಟಿಗೆ ಬಂದು ಹೋಗುತ್ತಿದ್ದರೆ ಆ ಹೊತ್ತಿನ ರಕ್ತದೊತ್ತಡ ಅಳೆದಿಡಿ. ಅಪರೂಪಕ್ಕೆ ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆಯಾಗಿರುತ್ತದೆ.

ಇನ್ನು ಆ ಡಬ್ಬಿ. ಡಿಯೋಡರೆಂಟ್ ವಾಸನೆಯನ್ನು ಮುಚ್ಚುತ್ತದೆ, ಬೆವರು ತಡೆಯುವುದಿಲ್ಲ. ಕಂಕುಳಿನ ಬೆವರಿಗೆ ಬೇಕಾದದ್ದು ಅಲ್ಯೂಮಿನಿಯಂ ಲವಣವಿರುವ ಆಂಟಿಪರ್ಸ್‌ಪಿರೆಂಟ್. ಅದನ್ನು ಬೆಳಿಗ್ಗೆ ಸ್ನಾನ ಮುಗಿಸಿ ಒದ್ದೆ ಕಂಕುಳಿಗೆ ಬಳಿದುಕೊಂಡು ‘ಉರಿ’ ಎಂದು ಬೊಬ್ಬೆ ಹಾಕುವುದೇ ಹೆಚ್ಚು. ರಾತ್ರಿ ಮಲಗುವಾಗ, ಪೂರ್ತಿ ಒಣಗಿದ ಚರ್ಮಕ್ಕೆ ತೆಳುವಾಗಿ ಹಚ್ಚಿ ಬೆಳಿಗ್ಗೆ ತೊಳೆಯಿರಿ. ಕ್ಷೌರ ಮಾಡಿದ ದಿನ ಬೇಡ. ಇದಕ್ಕೂ ಬಗ್ಗದಿದ್ದರೆ ಚರ್ಮವೈದ್ಯರಲ್ಲಿ ಅಯಾಂಟೊಫೊರೆಸಿಸ್ (ಅಂಗೈ, ಅಂಗಾಲನ್ನು ನೀರಿನಲ್ಲಿಟ್ಟು ಸಣ್ಣ ವಿದ್ಯುತ್ ಹರಿಸುವುದು), ಬೆವರುಗ್ರಂಥಿಗೆ ಹೋಗುವ ನರದ ಆಜ್ಞೆ ತಡೆಯುವ ಬೊಟುಲಿನಮ್ ಚುಚ್ಚುಮದ್ದಿನ ದಾರಿಗಳಿವೆ. ಎದೆಯೊಳಗಿನ ನರ ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಮಾತ್ರ ಅವಸರದಿಂದ ಒಪ್ಪಬೇಡಿ. ಅಂಗೈ ಒಣಗಿದರೂ ಬೆನ್ನು, ಹೊಟ್ಟೆ, ತೊಡೆಗಳು ಮೊದಲಿಗಿಂತ ಹೆಚ್ಚು ಬೆವರತೊಡಗಬಹುದು, ಅದು ಕಾಯಂ ಆಗಿಯೂ ಉಳಿಯಬಹುದು.