ಗೌರಿ ಹೂವಿನ ದಂಟಿನಲ್ಲಿ ನೀರು ಏರುವುದನ್ನು ನೋಡಿ

ಗೌರಿ ಹೂವಿನ (ಬಾಲ್ಸಂ) ಗಿಡದ ದಂಟು ರಸತುಂಬಿದ್ದು, ಬೆಳಕಿಗೆ ಹಿಡಿದರೆ ಒಳಗಿನ ಎಳೆಗಳೇ ಕಾಣುತ್ತವೆ. ಹಾಗಾಗಿ ಬೇರಿನಿಂದ ಎಲೆಗೆ ನೀರು ಹೋಗುವ ದಾರಿಯನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಗಿಡ ಹಿತ್ತಲಲ್ಲಿ ಸಿಗುವುದು ಕಷ್ಟ. ಬಿಳಿ ಹೂ ಬಿಡುವ ಗಿಡವನ್ನೇ ಆರಿಸಿಕೊಳ್ಳಿ. ಕೆಂಪು ಹೂವಿನದಾದರೆ ದಂಟಿನಲ್ಲೇ ಕೆಂಪು ಛಾಯೆ ಇರುತ್ತದೆ, ಬಣ್ಣ ಏರಿತೋ ಇಲ್ಲವೋ ತಿಳಿಯುವುದಿಲ್ಲ.

ಹಿಂದಿನ ಸಂಜೆ ಗಿಡಕ್ಕೆ ಚೆನ್ನಾಗಿ ನೀರು ಹಾಕಿ. ಬೆಳಿಗ್ಗೆ 100 ಮಿ.ಲೀ. ನೀರಿಗೆ ಒಂದು ಟೀ ಚಮಚ ಕೆಂಪು ಶಾಯಿ ಬೆರೆಸಿ, ಮೂರು ಲೋಟಗಳಿಗೆ ಹಂಚಿ. ಒಂದೇ ಎತ್ತರದ ಮೂರು ರೆಂಬೆಗಳನ್ನು ಕತ್ತರಿಸಿ ತನ್ನಿ. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ: ಗಾಳಿಯಲ್ಲಿ ಕತ್ತರಿಸಿದ ಕೂಡಲೇ ಕೊಳವೆಗಳಿಗೆ ಗಾಳಿ ಹೊಕ್ಕು ನೀರಿನ ಸರಪಳಿ ಕಡಿದುಹೋಗುತ್ತದೆ. ಅದಕ್ಕೇ ತಂದ ರೆಂಬೆಯ ಬುಡವನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ನೀರೊಳಗೇ ಇನ್ನೊಮ್ಮೆ ಎರಡು ಸೆಂ.ಮೀ. ಕತ್ತರಿಸಿ. ಹೊಸ ಬ್ಲೇಡ್ ಬಳಸಿ (ದೊಡ್ಡವರೇ ಕತ್ತರಿಸಲಿ). ಮೊಂಡು ಕತ್ತರಿ ಮೆತ್ತನೆಯ ದಂಟನ್ನು ಜಜ್ಜಿ ಕೊಳವೆಯ ಬಾಯಿ ಮುಚ್ಚಿಬಿಡುತ್ತದೆ.

ಮೊದಲ ರೆಂಬೆ ಎಲೆಗಳ ಸಮೇತ ಹಾಗೇ ಇರಲಿ. ಎರಡನೆಯದರ ಎಲೆಗಳ ಅಡಿಭಾಗಕ್ಕೆಲ್ಲ ವ್ಯಾಸಲೀನ್ ತೆಳ್ಳಗೆ ಸವರಿ. ಮೂರನೆಯದರ ಎಲೆಗಳನ್ನು ಪೂರಾ ಕಿತ್ತುಬಿಡಿ. ಮೂರನ್ನೂ ಶಾಯಿ ನೀರಿನಲ್ಲಿ ನಿಲ್ಲಿಸಿ, ಬೆಳಕು ಮತ್ತು ಗಾಳಿಯಾಡುವ ಕಿಟಕಿಯ ಬಳಿ ಇಡಿ. ಹತ್ತು ನಿಮಿಷಕ್ಕೊಮ್ಮೆ ಬಣ್ಣ ಎಲ್ಲಿಗೆ ಬಂತೆಂದು ದಂಟಿನ ಮೇಲೆ ಪೆನ್ನಿನಿಂದ ಗುರುತು ಹಾಕಿ. ಮೊದಲನೆಯದು ಮುಂದೆ ಓಡುತ್ತದೆ, ಉಳಿದೆರಡು ಹಿಂದುಳಿಯುತ್ತವೆ.

ಎಲೆಯ ಅಡಿಯ ಪತ್ರರಂಧ್ರಗಳೆಂಬ ಸಣ್ಣ ತೂತುಗಳಿಂದ ನೀರು ಆವಿಯಾಗಿ ಹೋದಷ್ಟೂ ಕೆಳಗಿನ ನೀರಿಗೆ ಸೆಳೆತ ಬೀಳುತ್ತದೆ. ನೀರಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಇಡೀ ಸಾಲು ಮೇಲೇರುತ್ತದೆ. ಐರ್ಲೆಂಡಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜಾಲಿ 1894ರಲ್ಲಿ ಮುಂದಿಟ್ಟ ವಿವರಣೆ ಇದೇ. ಬೇರೂ ಸ್ವಲ್ಪ ತಳ್ಳುತ್ತದೆನ್ನಿ. ನಸುಕಿನಲ್ಲಿ ಭತ್ತದ ಎಲೆಯ ತುದಿಯಲ್ಲಿ ಕೂತ ಹನಿಯನ್ನು ಇಬ್ಬನಿ ಎಂದುಕೊಳ್ಳುತ್ತೇವೆ, ಎಷ್ಟೋ ಸಲ ಅದು ಬೇರು ತಳ್ಳಿದ ನೀರು. ಆದರೆ ಈ ರೆಂಬೆಗಳಿಗೆ ಬೇರೇ ಇಲ್ಲವಲ್ಲ.

ಬಣ್ಣ ಏರಲೇ ಇಲ್ಲವೇ? ಶಾಯಿ ತೀರಾ ಗಟ್ಟಿಯಾಗಿರಬಹುದು, ಇಲ್ಲವೇ ಮಳೆಗಾಲದ ತೇವದ ಗಾಳಿಯಲ್ಲಿ ಎಲೆ ನೀರು ಬಿಡುತ್ತಿರಲಿಕ್ಕಿಲ್ಲ. ಶಾಯಿಗೆ ಇನ್ನಷ್ಟು ನೀರು ಬೆರೆಸಿ, ಹೊಸ ರೆಂಬೆಗಳನ್ನು ಫ್ಯಾನಿನ ಕೆಳಗಿಟ್ಟು ನೋಡಿ.

ಕೊನೆಗೆ ದಂಟನ್ನು ಅಡ್ಡಲಾಗಿ ತೆಳ್ಳಗೆ ಬಿಲ್ಲೆಯಂತೆ ಕೊಯ್ಯಿರಿ. ಕೆಂಪು ಚುಕ್ಕೆಗಳು ಬಳೆಯ ಹಾಗೆ ಸುತ್ತ ಕೂತಿರುತ್ತವೆ. ನೀರು ಹರಿಯುವ ಕ್ಸೈಲಂ ಇದು. ಎಳೆ ಜೋಳದ ದಂಟಿನಲ್ಲೂ ಇದನ್ನೇ ಮಾಡಿದರೆ ಬಳೆ ಕಾಣದು, ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಹರಡಿರುತ್ತವೆ.