‘ನಾನು ಯಾರು?’ ಎಂಬುದು ಜಪವಲ್ಲ: ಆತ್ಮವಿಚಾರ ಹೇಳಿಕೊಡುವಾಗ ನಾನು ಹಿಡಿದ ಕ್ರಮ

ಆತ್ಮವಿಚಾರಕ್ಕೆ, ಅಂದರೆ ‘ನಾನು’ ಎಂಬುದರ ಮೂಲ ಹುಡುಕುವ ಧ್ಯಾನಕ್ಕೆ, ಕೂತವರಲ್ಲಿ ಹೆಚ್ಚಿನವರು ಶುರುವಿನಲ್ಲೇ ಎಡವುವುದು ಒಂದೇ ಕಡೆ. ‘ನಾನು ಯಾರು? ನಾನು ಯಾರು?’ ಎಂದು ಉಸಿರಿಗೊಮ್ಮೆ ಹೇಳಿಕೊಳ್ಳತೊಡಗುತ್ತಾರೆ. ಸ್ವಲ್ಪ ಹೊತ್ತಿಗೆ ಮನಸ್ಸು ಶಾಂತವಾಗುತ್ತದೆ, ಅದನ್ನೇ ವಿಚಾರ ಎಂದುಕೊಳ್ಳುತ್ತಾರೆ. ಯಾವ ಶಬ್ದವನ್ನು ಮತ್ತೆ ಮತ್ತೆ ಹೇಳಿದರೂ ಆ ಶಾಂತಿ ಬರುತ್ತದೆ. ಅರುಣಾಚಲದ ವಿರೂಪಾಕ್ಷ ಗುಹೆಯಲ್ಲಿ 1902ರ ಸುಮಾರಿಗೆ ರಮಣ ಮಹರ್ಷಿಗಳು ಭಕ್ತರಾದ ಶಿವಪ್ರಕಾಶಂ ಪಿಳ್ಳೈ ಅವರಿಗೆ ಬರೆದು ತಿಳಿಸಿದ ಉತ್ತರಗಳಲ್ಲಿ ಕ್ರಮ ಸ್ಪಷ್ಟವಾಗಿದೆ: ಯೋಚನೆ ಎದ್ದರೆ ಅದರ ಬೆನ್ನು ಹತ್ತದೆ ‘ಇದು ಯಾರಿಗೆ?’ ಎಂದು ಕೇಳಬೇಕು. ‘ನನಗೆ’ ಎಂದು ತೋರುತ್ತದೆ. ಆ ‘ನಾನು’ ಯಾರು ಎಂದು ನೋಡಹೊರಟರೆ ಮನಸ್ಸು ತಾನು ಹುಟ್ಟಿದ ಕಡೆಗೆ ತಿರುಗುತ್ತದೆ.

ಆದ್ದರಿಂದ ನಾನು ಹೇಳುವುದು ಇಷ್ಟು. ಪ್ರಶ್ನೆಯನ್ನು ಒಮ್ಮೆ ಮಾತ್ರ ಕೇಳಿ, ಮಾತನ್ನು ಬಿಡಿ, ‘ನಾನಿದ್ದೇನೆ’ ಎಂಬ ಬರಿಯ ಇರವಿನಲ್ಲಿ ಗಮನ ನಿಲ್ಲಿಸಿ. ಗಮನ ಜಾರಿದೆ ಎಂದು ಗೊತ್ತಾದಾಗ ಮಾತ್ರ ಮತ್ತೆ ಕೇಳಿ. ಇಪ್ಪತ್ತು ನಿಮಿಷದಲ್ಲಿ ಮೂರು ಸಲ ಕೇಳಬೇಕಾಗಬಹುದು, ಮೂವತ್ತು ಸಲವೂ ಆಗಬಹುದು. ಎರಡೂ ಸರಿಯೇ.

ಮೊದಲ ಮೂರು ನಾಲ್ಕು ವಾರ ವಿಚಾರದ ಮಾತನ್ನೇ ಎತ್ತುವುದಿಲ್ಲ. ಊಟವಾಗಿ ಎರಡೂವರೆ ಗಂಟೆಯಾದರೂ ಕಳೆದಿರಬೇಕು. ಮಂಡಿ ಸೊಂಟಕ್ಕಿಂತ ಕೆಳಗಿರುವಷ್ಟು ಎತ್ತರದ ದಿಂಬು ಬೇಕು, ಮಂಡಿನೋವಿದ್ದವರಿಗೆ ಕುರ್ಚಿ ಸಾಕು. ಹೊರಬಿಡುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುವುದು, ಹತ್ತು ನಿಮಿಷ. ಉಸಿರು ಕಟ್ಟುವ ಕುಂಭಕವನ್ನು ನಾನು ಹೇಳಿಕೊಡುವುದಿಲ್ಲ. ಹತ್ತು ನಿಮಿಷ ಅಲ್ಲಾಡದೆ ಕೂರಲಾಗದವರಿಗೆ ವಿಚಾರ ಕೊಟ್ಟರೆ ಅದು ಬರೀ ಚಿಂತನೆಯಾಗುತ್ತದೆ.

ಆಮೇಲೆ ದೃಗ್ದೃಶ್ಯ ವಿವೇಕ, ಅಂದರೆ ನೋಡುವವನನ್ನೂ ನೋಡಲ್ಪಡುವುದನ್ನೂ ಬೇರ್ಪಡಿಸಿ ಕಾಣುವುದು. ಹೊರಗಿನ ಶಬ್ದ ಕೇಳಿಸುತ್ತಿದೆ, ಅದು ನಾನಲ್ಲ. ಕಾಲು ಜೋಮು ಹಿಡಿದಿದೆ, ಅದೂ ತಿಳಿಯುತ್ತಿದೆ. ‘ಇವತ್ತು ಮನಸ್ಸು ಸರಿಯಿಲ್ಲ’ ಎಂಬ ಯೋಚನೆಯೂ ತಿಳಿಯುತ್ತಿದೆ. ತಿಳಿಯಲ್ಪಡುವುದೆಲ್ಲ ದೃಶ್ಯ. ಇಲ್ಲಿ ಓದಿಕೊಂಡವರು ತಟ್ಟನೆ ‘ನಾನು ಸಾಕ್ಷಿ, ನಾನು ಬ್ರಹ್ಮ’ ಎನ್ನುತ್ತಾರೆ. ಅದು ನೆನಪಿನಿಂದ ಬಂದ ಉತ್ತರ. ‘ಈ ಉತ್ತರ ಯಾರಿಗೆ ಹೊಳೆಯಿತು?’ ಎಂದು ತಿರುಗಿ ಕೇಳುತ್ತೇನೆ. ಬೆಳಕು ಕಂಡಿತು, ನಾದ ಕೇಳಿಸಿತು ಎಂದವರಿಗೂ ಇದೇ ಪ್ರಶ್ನೆ. ಆತ್ಮದ ನೆಲೆಯಾದ ‘ಹೃದಯ’ ಎದೆಯ ಬಲಭಾಗದಲ್ಲಿದೆ ಎಂದು ಮಹರ್ಷಿಗಳು ಹೇಳಿದ್ದನ್ನು ಓದಿ, ಅಲ್ಲೇ ಬಿಗಿಯಾಗಿ ಗಮನವಿಟ್ಟು ಎದೆ ಭಾರ ಮಾಡಿಕೊಳ್ಳುವವರಿದ್ದಾರೆ. ಅಲ್ಲಿ ತೋರುವ ಸ್ಪಂದನವೂ ದೃಶ್ಯವೇ.

ಎಲ್ಲಕ್ಕಿಂತ ದೊಡ್ಡ ತೊಡಕು ಲಯ. ಮನಸ್ಸು ಮಂಪರಿಗೆ ಜಾರಿ, ‘ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ’ ಎಂದು ಸಾಧಕರು ಸಂತೋಷದಿಂದ ಏಳುತ್ತಾರೆ. ಮಾಂಡೂಕ್ಯ ಉಪನಿಷತ್ತಿನ ಮೇಲೆ ಬರೆದ ಮಾಂಡೂಕ್ಯ ಕಾರಿಕೆಯ ಮೂರನೆಯ ಪ್ರಕರಣದಲ್ಲಿ ಅದ್ವೈತದ ಆಚಾರ್ಯರಾದ ಗೌಡಪಾದರು ಇದಕ್ಕೆ ನೇರ ಮದ್ದು ಹೇಳಿದ್ದಾರೆ: ಲಯಕ್ಕೆ ಹೋದ ಚಿತ್ತವನ್ನು ಎಬ್ಬಿಸು, ಚದುರಿದ್ದನ್ನು ಶಮನಗೊಳಿಸು, ಕಷಾಯವಿದ್ದರೆ (ಒಳಗೆ ಉಳಿದ ವಾಸನೆಗಳ ಬಿಗಿತವಿದ್ದರೆ) ಗುರುತಿಸು, ಸಮವಾದದ್ದನ್ನು ಅಲುಗಾಡಿಸಬೇಡ. ಮುಂದಿನ ಶ್ಲೋಕದಲ್ಲಿ, ಅಲ್ಲಿ ಸಿಗುವ ಸುಖವನ್ನೂ ಸವಿಯುತ್ತ ಕೂರಬೇಡ ಎಂಬ ಎಚ್ಚರಿಕೆ. ಹೇಳಿಕೊಡುವವನಿಗೆ ಇಷ್ಟು ಉಪಯೋಗಕ್ಕೆ ಬರುವ ಸಾಲುಗಳು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಲಯವೋ ನಿಶ್ಚಲತೆಯೋ ಎಂದು ತಿಳಿಯಲು ನಾನು ಮೆಲುದನಿಯಲ್ಲಿ ಹೆಸರು ಹಿಡಿದು ಕರೆಯುತ್ತೇನೆ. ಲಯದಲ್ಲಿದ್ದವರು ಬೆಚ್ಚುತ್ತಾರೆ, ಇಲ್ಲವೇ ಉತ್ತರ ತಡವಾಗುತ್ತದೆ. ಎಚ್ಚರದಲ್ಲಿದ್ದವರು ಸಹಜವಾಗಿ ‘ಹ್ಞಾಂ’ ಎನ್ನುತ್ತಾರೆ. ಗಲ್ಲ ಎದೆಗೆ ಇಳಿದಿದ್ದರೆ ಕರೆಯುವ ಅಗತ್ಯವೂ ಇಲ್ಲ. ಅಂಥವರನ್ನು ಎಬ್ಬಿಸಿ ಐದು ನಿಮಿಷ ನಡೆಸುತ್ತೇನೆ, ಕಣ್ಣು ಅರೆತೆರೆದು ಕೂರಿಸುತ್ತೇನೆ, ರಾತ್ರಿ ಎಷ್ಟು ನಿದ್ದೆ ಮಾಡಿದರೆಂದು ಕೇಳುತ್ತೇನೆ. ನಿದ್ದೆ ಸಾಲದವರಿಗೆ ಬೇಕಾದದ್ದು ನಿದ್ದೆಯೇ. ಕಷಾಯ ಇನ್ನೂ ಸೂಕ್ಷ್ಮ: ಯೋಚನೆಯೂ ಇಲ್ಲ, ತೂಕಡಿಕೆಯೂ ಇಲ್ಲ, ಆದರೆ ದವಡೆ, ಹುಬ್ಬು ಬಿಗಿದಿರುತ್ತವೆ. ಒಳಗೆ ಅದುಮಿಟ್ಟ ಆಸೆ ಅಥವಾ ಸಿಟ್ಟು ಮನಸ್ಸನ್ನು ಹಿಡಿದಿರುತ್ತದೆ. ರಸಾಸ್ವಾದದ, ಅಂದರೆ ಆ ಸುಖವನ್ನು ಸವಿಯುತ್ತ ಕೂತದ್ದರ, ಗುರುತು ಎದ್ದ ಮೇಲೆ ಸಿಗುತ್ತದೆ. ಮನೆಯವರು ಪಾತ್ರೆ ಸದ್ದು ಮಾಡಿದ್ದಕ್ಕೆ ಸಾಧಕರು ರೇಗಿದರೆ, ಅಲ್ಲಿಯವರೆಗೆ ಸುಖಕ್ಕೆ ಅಂಟಿಕೊಂಡು ಕೂತಿದ್ದರೆಂದೇ ಅರ್ಥ.

ಕನ್ನಡದ ಸಾಧಕರಿಗೆ ಇನ್ನೊಂದು ದಾರಿ ಹತ್ತಿರದಲ್ಲೇ ಇದೆ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಅವಸ್ಥಾತ್ರಯ ವಿಚಾರಕ್ಕೆ (ಎಚ್ಚರ, ಕನಸು, ನಿದ್ದೆ ಈ ಮೂರು ಸ್ಥಿತಿಗಳನ್ನು ಪರಿಶೀಲಿಸುವುದಕ್ಕೆ) ಕೊಟ್ಟ ಒತ್ತು ನನ್ನ ಕ್ರಮದಲ್ಲೂ ಇದೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಮೊಬೈಲ್ ಮುಟ್ಟದೆ ಎರಡು ಮೂರು ನಿಮಿಷ ಹಾಗೇ ಇರಲು ಹೇಳುತ್ತೇನೆ. ‘ಚೆನ್ನಾಗಿ ನಿದ್ದೆ ಬಂತು, ಏನೂ ತಿಳಿಯಲಿಲ್ಲ’ ಎನ್ನುತ್ತೇವಲ್ಲ, ಆ ಏನೂ ಇಲ್ಲದಿರುವಿಕೆ ಯಾರಿಗೆ ಗೊತ್ತು? ಕನಸಿನ ದೇಹವೂ ಎಚ್ಚರದ ದೇಹವೂ ಬಂದುಹೋಗುತ್ತವೆ. ಎರಡೂ ಇಲ್ಲದ ನಿದ್ದೆಯಲ್ಲಿ ನಾನು ಇಲ್ಲದೆ ಹೋಗಿದ್ದೆನೇ? ಹಗಲಿಡೀ ತರ್ಕ ಮಾಡಿ ಹಿಡಿಯಲಾಗದ್ದನ್ನು ಕೆಲವರು ಈ ಎರಡು ನಿಮಿಷದಲ್ಲಿ ಹಿಡಿಯುತ್ತಾರೆ.

ಯಾರಿಗೂ ‘ನಿಮಗೆ ಆಯಿತು’ ಎಂದು ಹೇಳುವುದಿಲ್ಲ. ಅನುಭವಗಳನ್ನು ಗುಂಪಿನಲ್ಲಿ ಹೇಳಿಸುವುದೂ ಇಲ್ಲ, ಹೇಳಿಸಿದರೆ ಮರುದಿನದಿಂದ ಎಲ್ಲರಿಗೂ ಅದೇ ಅನುಭವ ಬರತೊಡಗುತ್ತದೆ. ಭಕ್ತಿಯ ಸ್ವಭಾವದವರನ್ನು ವಿಚಾರಕ್ಕೆ ಎಳೆಯಬಾರದು. ಮಹರ್ಷಿಗಳೇ ವಿಚಾರ, ಶರಣಾಗತಿ ಎರಡನ್ನೂ ಹೇಳಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ‘ನಾನೇ ಇಲ್ಲ ಅನ್ನಿಸುತ್ತಿದೆ, ಸುತ್ತಲಿನದೆಲ್ಲ ಸುಳ್ಳು ಅನ್ನಿಸುತ್ತಿದೆ’ ಎಂದು ಯಾರಾದರೂ ಭಯದಿಂದ, ನಿದ್ದೆಗೆಟ್ಟು ಹೇಳಿದರೆ ಅದನ್ನು ಅಹಂಕಾರ ಕರಗುತ್ತಿರುವ ಲಕ್ಷಣ ಎಂದು ಹೊಗಳಬಾರದು. ಅಂದೇ ಧ್ಯಾನ ನಿಲ್ಲಿಸಲು ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ, ಮೈಮುರಿದು ಕೆಲಸ, ಜೊತೆಗೆ ಮನೆಯವರು. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತೇನೆ. ಮೊದಲೇ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ದೀರ್ಘ ಮೌನ ಶಿಬಿರಗಳಿಗೂ ಹೋಗಬಾರದು. ಇದನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳುತ್ತೇನೆ.