ನಾಚಿಕೆ ‘ಬಿಟ್ಟೆ’: ಪುಟ್ಟ ಮಕ್ಕಳ ಜೊತೆ ಪರದೇಶಕ್ಕೆ ಹೊರಟವರಿಗೆ

ಕುವೆಂಪುನಗರದಲ್ಲಿ ನಮ್ಮ ಎದುರು ಮನೆಯ ಹುಡುಗಿ ಮುಂದಿನ ತಿಂಗಳು ಜರ್ಮನಿಗೆ ಹೊರಟಿದ್ದಾಳೆ. ಗಂಡ ಆಗಲೇ ಅಲ್ಲಿದ್ದಾನೆ. ಮಗುವಿಗೆ ಎರಡು ವರ್ಷ. ಮೊನ್ನೆ ಸಂಜೆ ಒಂದು ಪಟ್ಟಿ ಹಿಡಿದುಕೊಂಡು ಬಂದಳು. ಸಾರಿನ ಪುಡಿ, ಹುಳಿ ಪುಡಿ, ರಾಗಿ ಹಿಟ್ಟು, ಇಡ್ಲಿ ಸ್ಟ್ಯಾಂಡು, ಥರ್ಮಾಮೀಟರ್, ಕುಕ್ಕರಿನ ಗ್ಯಾಸ್ಕೆಟ್ ಎರಡು. “ಅಕ್ಕ, ಏನಾದ್ರೂ ಬಿಟ್ಟು ಹೋಗಿದ್ಯಾ ನೋಡಿ” ಅಂದಳು. ಪಟ್ಟಿ ಚೆನ್ನಾಗಿತ್ತು. ಗ್ಯಾಸ್ಕೆಟ್ ನೆನಪಿಟ್ಟುಕೊಂಡವಳು ಜಾಣೆ. ಆಮೇಲೆ ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸುತ್ತಾ ಕೂತಳು. “ಭಯ ಆಗುತ್ತೆ ಅಕ್ಕ. ಅಲ್ಲಿ ಮಗೂಗೆ ಏನಾದ್ರೂ ಆದ್ರೆ?”

ನಾನು ಅದೇ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಏಳು ವರ್ಷ ಇದ್ದು ಬಂದವಳು. 2016ರಲ್ಲಿ ಹೋದಾಗ ಮಗನಿಗೆ ಮೂರು ವರ್ಷ, ಮಗಳಿಗೆ ಎಂಟು ತಿಂಗಳು. ಮಂಡ್ಯದಲ್ಲಿ ನನ್ನನ್ನು ಎಲ್ಲರೂ ಗಟ್ಟಿಗಿತ್ತಿ ಅನ್ನುತ್ತಿದ್ದರು. ಆ ಗಟ್ಟಿಗಿತ್ತಿ ಅಲ್ಲಿ ಎರಡು ತಿಂಗಳು ಬೇಕರಿ ಮೆಟ್ಟಿಲು ಹತ್ತಲಿಲ್ಲ. ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ ಬ್ರೆಡ್ಡೇ ತರುತ್ತಿದ್ದಳು. ಪ್ಯಾಕೆಟ್ಟಿನ ಜೊತೆ ಮಾತಾಡಬೇಕಾಗಿಲ್ಲ, ನೋಡಿ. ಆಗ ಗೊತ್ತಾಯಿತು, ಊರಲ್ಲಿದ್ದ ನನ್ನ ಧೈರ್ಯದಲ್ಲಿ ಅರ್ಧ ಅಮ್ಮನದು, ಕಾಲು ಭಾಗ ಅಕ್ಕಪಕ್ಕದವರದು. ಅವರಿಲ್ಲದ ಕಡೆ ಅದನ್ನು ಹೊಸದಾಗಿ ಮಾಡಿಕೊಳ್ಳಬೇಕು. ಅದೂ ಹಿಂದಿನ ದಿನವೇ, ಇಡ್ಲಿಗೆ ಉದ್ದು ನೆನೆಹಾಕಿದ ಹಾಗೆ. ಬೆಳಿಗ್ಗೆ ಎದ್ದು ಹುಡುಕಿದರೆ ಸಿಗೋದಿಲ್ಲ.

ಇಲ್ಲೇ ಶುರು ಮಾಡಿ

ಹೊರಡುವ ಮುಂಚೆ ಒಂದು ದಿನ ಮಗು, ಬ್ಯಾಗು, ನೀವು ಮೂರೇ ಜನ ಹೊರಗೆ ಹೋಗಿ. ಆಟೋ ಬೇಡ. ಸಿಟಿ ಬಸ್ ಹತ್ತಿ, ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಫ್ರೀ. ದೇವರಾಜ ಮಾರ್ಕೆಟ್ಟಿಗೆ ಹೋಗಿ ಹಣ್ಣು, ಹೂವು ತಗೊಂಡು ಬನ್ನಿ. ಮಗು ಅಲ್ಲೇ ರಚ್ಚೆ ಹಿಡಿಯುತ್ತೆ, ಹಿಡಿಯಲಿ. ನಾಲ್ಕು ಜನ ನೋಡ್ತಾರೆ, ನೋಡಲಿ. ಜನ ನೋಡುತ್ತಿರುವಾಗ ಅಳುವ ಮಗುವಿನ ಪಕ್ಕ ಸುಮ್ನೆ ನಿಲ್ಲೋದನ್ನು ಕಲಿತರೆ ಸಾಕು. ಸ್ಟುಟ್‌ಗಾರ್ಟ್ ಟ್ರಾಮಿನಲ್ಲೂ ಇದೇ ಪರೀಕ್ಷೆ. ವ್ಯತ್ಯಾಸ ಇಷ್ಟೇ: ಇಲ್ಲಿ ಯಾರಾದರೂ ಬಂದು ಮಗುವಿನ ಗಲ್ಲ ಹಿಂಡುತ್ತಾರೆ, ಅಲ್ಲಿ ಯಾರೂ ಬರೋದಿಲ್ಲ.

ಇನ್ನೊಂದು. ಮಗುವಿನ ತಾಯಿ ಕಾರ್ಡ್ ಅಥವಾ ಲಸಿಕೆ ಪುಸ್ತಕ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. 2020ರ ಮಾರ್ಚ್‌ನಿಂದ ಜರ್ಮನಿಯಲ್ಲಿ ಶಿಶುವಿಹಾರಕ್ಕೆ, ಶಾಲೆಗೆ ಸೇರಿಸುವಾಗ ದಡಾರ ಲಸಿಕೆಯ ದಾಖಲೆ ತೋರಿಸೋದು ಕಡ್ಡಾಯ. ಒಂದು ವರ್ಷ ದಾಟಿದ ಮಗುವಿಗೆ ಒಂದು ಡೋಸ್, ಎರಡು ದಾಟಿದರೆ ಎರಡು. ನನ್ನ ಮಗನ ಕಾರ್ಡ್ ಮಂಡ್ಯದಲ್ಲಿ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಉಳಿದುಬಿಟ್ಟಿತ್ತು. ನನ್ನ ತಮ್ಮ ಅದರ ಫೋಟೋ ತೆಗೆದು ಕಳಿಸಿದ. ಫೋಟೋದಲ್ಲಿ ಅವನ ಹೆಬ್ಬೆರಳೂ ಬಂದಿತ್ತು, ಸರಿಯಾಗಿ ತಾರೀಖಿನ ಮೇಲೆ.

ಫ್ರಿಜ್ಜಿನ ಮೇಲಿನ ಚೀಟಿ

ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ತುಂಬಾ ದುಬಾರಿಯಾದ ಪಾಠ ಇದು.

2017ರ ಜನವರಿ. ಯಜಮಾನರು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ರಾತ್ರಿ ಎರಡು ಗಂಟೆಗೆ ಮಗಳ ಮೈ ಕೆಂಡ. ಮೈಸೂರಿಂದ ತಂದ ಥರ್ಮಾಮೀಟರ್ ಇಟ್ಟೆ, 103. ನನ್ನ ಬೆರಳು ತಾನಾಗಿ ಅಮ್ಮನ ನಂಬರ್ ಒತ್ತಿತು. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಮಂಡ್ಯದಲ್ಲಿ ಆಗ ಬೆಳಿಗ್ಗೆ ಆರೂವರೆ. ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ನಾನು ಅತ್ತೆ, ಅಮ್ಮನೂ ಅತ್ತರು. ಹತ್ತು ನಿಮಿಷ ಹೋಯಿತು, ಜ್ವರ ಹಾಗೇ ಇತ್ತು. ಆಮೇಲೆ ಮೂರು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲವಂತೆ.

ಕೊನೆಗೆ 116117ಕ್ಕೆ ಫೋನ್ ಮಾಡಿದೆ. ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ, ಜೀವಕ್ಕೆ ಅಪಾಯ ಇಲ್ಲದ ಕಾಯಿಲೆಗೆ ಜರ್ಮನಿಯಲ್ಲಿ ಇರುವ ನಂಬರ್ ಅದು. ಉಸಿರಾಟದ ತೊಂದರೆ, ಫಿಟ್ಸ್, ಪ್ರಜ್ಞೆ ತಪ್ಪೋದು ಇಂಥದ್ದಕ್ಕೆಲ್ಲ ನೇರ 112. ನಮ್ಮಲ್ಲೂ ಈಗ 112 ಅಲ್ವಾ, ನೆನಪಿಡೋದು ಸುಲಭ. ಆ ಕಡೆಯ ಹೆಂಗಸು ಜ್ವರ ಎಷ್ಟು ಅಂತ ಕೇಳಿದರು. “ನೂರಾ ಮೂರು” ಅಂದೆ. ಫೋನ್ ಮೌನವಾಯಿತು. ಅವರ ಲೆಕ್ಕದಲ್ಲಿ ನೂರು ಅಂದರೆ ನೀರು ಕುದಿಯುವ ಬಿಸಿ! ನಾನು ಫ್ಯಾರನ್‌ಹೀಟ್ ಹೇಳಿದ್ದೆ, ಅವರಿಗೆ ಸೆಲ್ಸಿಯಸ್ ಬೇಕಿತ್ತು. ಮೂರು ಸಲ ಹೇಳಿದ ಮೇಲೆ ಇಬ್ಬರಿಗೂ ಅರ್ಥವಾಯಿತು. ಮಗು ನೀರು ಕುಡಿಯುತ್ತಿದೆಯಾ, ಉಸಿರು ಹೇಗಿದೆ, ಎಚ್ಚರವಾಗಿದೆಯಾ ಅಂತ ಕೇಳಿದರು. ಮನೆಯಲ್ಲಿದ್ದ ಔಷಧಿ ಕೊಟ್ಟು, ಬೆಳಿಗ್ಗೆ ಮಕ್ಕಳ ಡಾಕ್ಟರಿಗೆ ತೋರಿಸಿ ಅಂದರು. ಅಷ್ಟೇ.

ಮಾರನೇ ದಿನ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನೀವೂ ಮೊದಲ ವಾರವೇ ಬರೆಯಿರಿ. ಮೇಲೆ ಎರಡು ನಂಬರ್. ಕೆಳಗೆ ಕನ್ನಡ ಅಕ್ಷರದಲ್ಲೇ ಅವರ ಮಾತು: “ಮೈನೆ ಟೋಖ್ಟರ್ ಹಾಟ್ ಫೀಬರ್”, ನನ್ನ ಮಗಳಿಗೆ ಜ್ವರ ಇದೆ. “ಜೀ ಇಸ್ಟ್ ಐನ್ ಯಾರ್ ಆಲ್ಟ್”, ಅವಳಿಗೆ ಒಂದು ವರ್ಷ. ಆಮೇಲೆ ನಿಮ್ಮ ವಿಳಾಸ, ಮಗುವಿನ ಹುಟ್ಟಿದ ದಿನ, ತೂಕ. ಪಕ್ಕದಲ್ಲಿ ಜ್ವರದ ಲೆಕ್ಕ: ನಮ್ಮ 100.4 ಅವರ 38, ನಮ್ಮ 102.2 ಅವರ 39, ನಮ್ಮ 104 ಅವರ 40. ಅಲ್ಲೇ ಒಂದು ಥರ್ಮಾಮೀಟರ್ ಕೊಂಡುಕೊಂಡರೆ ಈ ಲೆಕ್ಕವೇ ಬೇಡ. ಚೀಟಿಯನ್ನು ದಿನಾ ಒಂದು ಸಲ ಜೋರಾಗಿ ಓದಿ, ಪಾತ್ರೆ ತೊಳೆಯುತ್ತಾ ಓದಿದರೂ ಸಾಕು. ರಾತ್ರಿ ಎರಡು ಗಂಟೆಗೆ ತಲೆ ಕೆಲಸ ಮಾಡದಿದ್ದರೂ ಬಾಯಿಗೆ ಮಾತು ಬರುತ್ತೆ. ಮೊದಲು ಆ ನಂಬರ್, ಅಮ್ಮ ಆಮೇಲೆ.

ಅಂಕಿಗಳನ್ನೂ ಬಾಯಿಪಾಠ ಮಾಡಿ. ಅವರು ಬಿಡಿಯನ್ನು ಮೊದಲು, ಹತ್ತನ್ನು ಆಮೇಲೆ ಹೇಳುತ್ತಾರೆ. 54 ಅಂದರೆ ‘ನಾಲ್ಕು ಮತ್ತು ಐವತ್ತು’. ನಾನು ಕೇಳಿಸಿದ ಹಾಗೆ ಬರೆದುಕೊಂಡು, ಮಳೆಯಲ್ಲಿ ಗಾಡಿ ತಳ್ಳಿಕೊಂಡು 45ನೇ ನಂಬರಿನ ಮನೆಗೆ ಹೋಗಿ ಬೆಲ್ ಮಾಡಿದ್ದೆ. ಡಾಕ್ಟರು ಇದ್ದದ್ದು 54ರಲ್ಲಿ. ಹಾಗಾಗಿ ಕೇಳಲು ಹಿಂಜರಿಯಬೇಡಿ: “ಲಾಂಗ್ಸಾಮ್, ಬಿಟ್ಟೆ.” ನಿಧಾನ, ದಯವಿಟ್ಟು. ಅವರ ‘ಬಿಟ್ಟೆ’ ನನಗೆ ಬಾಯಿಗೆ ಬಂದದ್ದು ‘ನಾಚಿಕೆ ಬಿಟ್ಟೆ’ ಅಂತ ನೆನಪಿಟ್ಟುಕೊಂಡ ಮೇಲೆ.

ಒಂದು ಬಾಗಿಲು

ಆ ಜ್ವರದ ರಾತ್ರಿ ನಿಜವಾಗಿ ನಿದ್ದೆ ಕೆಡಿಸಿದ್ದು ಇನ್ನೊಂದು ಯೋಚನೆ. ಆಸ್ಪತ್ರೆಗೆ ಬನ್ನಿ ಅಂದಿದ್ದರೆ ಮಲಗಿದ್ದ ಮಗನನ್ನು ಯಾರ ಹತ್ತಿರ ಬಿಡುತ್ತಿದ್ದೆ? ಏಳು ತಿಂಗಳಾಗಿತ್ತು, ಕಟ್ಟಡದಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಮಕ್ಕಳು ಮರದ ನೆಲದ ಮೇಲೆ ಓಡಿದರೆ ಕೆಳಗಿನ ಮನೆ ಅಜ್ಜಿ ಬೈಯುತ್ತಾರೆ ಅಂತ ಹೆದರಿ, ಅವರನ್ನು ಕಂಡರೆ ಮೆಟ್ಟಿಲಲ್ಲೇ ಮುಖ ತಪ್ಪಿಸುತ್ತಿದ್ದೆ.

ಮಗಳ ಜ್ವರ ಇಳಿದ ಮೇಲೆ ಮೈಸೂರು ಪಾಕ್ ಮಾಡಿದೆ. ಕಲ್ಲಾಗಿತ್ತು, ಇರಲಿ. ತಟ್ಟೆ ಹಿಡಿದು ಅವರ ಬಾಗಿಲು ತಟ್ಟಿದೆ. ನನ್ನ ಮಕ್ಕಳು ಗಲಾಟೆ ಮಾಡುತ್ತಾರೆ, ಕ್ಷಮಿಸಿ. ರಾತ್ರಿ ಏನಾದರೂ ತುರ್ತು ಬಂದರೆ ನಿಮ್ಮನ್ನು ಎಬ್ಬಿಸಬಹುದಾ? ಈ ಎರಡು ಮಾತನ್ನು ಬರೆದುಕೊಂಡು ಹೋಗಿ ಓದಿದೆ. ಅಜ್ಜಿ ಒಂದು ತುಂಡು ಕಚ್ಚಿದರು, ನಿಧಾನವಾಗಿ ಅಗಿದರು, ಒಳಗೆ ಹೋಗಿ ಫೋನ್ ನಂಬರ್ ಬರೆದು ತಂದರು. ಕೊಡುತ್ತಾ ಮೆಟ್ಟಿಲು ತೋರಿಸಿ ಏನೋ ಹೇಳಿದರು. ಈ ವಾರ ಮೆಟ್ಟಿಲು ಗುಡಿಸುವ ಸರದಿ ನಮ್ಮದು, ಇನ್ನೂ ಗುಡಿಸಿಲ್ಲ ಅಂತ! ಆ ಸೀಮೆಯಲ್ಲಿ ಅದಕ್ಕೆ ಕೇರ್‌ವೋಖೆ ಅನ್ನುತ್ತಾರೆ. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ.

ಕಟ್ಟಡದಲ್ಲಿ ಎಲ್ಲರ ಸ್ನೇಹ ಬೇಕಾಗಿಲ್ಲ. ರಾತ್ರಿ ತಟ್ಟಬಹುದಾದ ಒಂದು ಬಾಗಿಲು ಇದ್ದರೆ ಸಾಕು. ಅದನ್ನು ಹಗಲಲ್ಲೇ, ಏನೂ ತೊಂದರೆ ಇಲ್ಲದಾಗಲೇ ತಟ್ಟಿಟ್ಟುಕೊಳ್ಳಿ. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಸದ್ದು ಕಡಿಮೆ ಇರಲಿ. ಕುಕ್ಕರ್ ಸೀಟಿಯ ಬಗ್ಗೆ ಮೊದಲೇ ಹೇಳಿಬಿಡಿ, ಕೇಳಿ ಗೊತ್ತಿಲ್ಲದವರು ಬೆಚ್ಚಿ ಬೀಳುತ್ತಾರೆ.

ಬಿಟ್ಟು ಬರುವುದು

ಇಲ್ಲಿ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು, ಅದು ಆಟದಲ್ಲಿದ್ದಾಗ ಕಣ್ತಪ್ಪಿಸಿ ಓಡಿಬರುತ್ತೇವೆ. ಅಲ್ಲಿ ಹಾಗೆ ಮಾಡಬೇಡಿ. ಕಿಟಾ ಅನ್ನುವ ಅವರ ಶಿಶುವಿಹಾರಗಳಲ್ಲಿ ಒಗ್ಗಿಸಿಕೊಳ್ಳಲು ಒಂದು ಕ್ರಮ ಇದೆ. ತುಂಬಾ ಕಡೆ ಮೊದಲ ಮೂರು ದಿನ ನೀವೂ ಮಗುವಿನ ಜೊತೆ ಒಂದು ಗಂಟೆ ಕೂರಬೇಕು. ನಾಲ್ಕನೇ ದಿನ, “ಹೋಗಿ ಬರ್ತೀನಿ ಚಿನ್ನ” ಅಂತ ಮುಖ ನೋಡಿ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗಬೇಕು. ಮಗು ಅಳುತ್ತೆ. ನೀವು ಬಾಗಿಲಾಚೆ ಅಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಹೋಗುವಾಗ ಟೀಚರಿಗೆ ನಮ್ಮ ಮಾತಿನ ಚೀಟಿ ಕೊಡಿ. ನೀರು, ಮಮ್ಮು, ಉಚ್ಚೆ, ನೋವು, ತಾಚಿ, ಎಲ್ಲಕ್ಕೂ ಅವರ ಭಾಷೆಯಲ್ಲಿ ಅರ್ಥ ಬರೆದು. ಒಂದು ಮಧ್ಯಾಹ್ನ ಬೇಗ ಹೋಗಿದ್ದೆ. ಟೀಚರ್ ಸಾಲಾಗಿ ಮಲಗಿದ್ದ ಮಕ್ಕಳ ನಡುವೆ ಓಡಾಡುತ್ತಾ “ತಾಚಿ, ತಾಚಿ” ಅನ್ನುತ್ತಿದ್ದರು. ಹೊಂಬಣ್ಣದ ಕೂದಲಿನ ಒಂದು ಹುಡುಗ ಅದಕ್ಕೆ ಕಣ್ಣು ಮುಚ್ಚಿದ.

2019ರಲ್ಲಿ ಮಗ ಒಂದನೇ ಕ್ಲಾಸಿಗೆ ಸೇರಿದ. ಅಲ್ಲಿ ಆರು ವರ್ಷದ ಮಕ್ಕಳು ನಡೆದುಕೊಂಡೇ ಶಾಲೆಗೆ ಹೋಗುತ್ತಾರೆ, ಎಷ್ಟೋ ಮಕ್ಕಳು ಒಂಟಿಯಾಗಿ. ನಾವು ಎರಡು ವಾರ ಜೊತೆಗೆ ನಡೆದೆವು. ಮೂರನೇ ವಾರ ಹತ್ತು ಹೆಜ್ಜೆ ಹಿಂದೆ. ನಾಲ್ಕನೇ ವಾರ ಅವನೊಬ್ಬನೇ ಹೋದ, ನಾನು ಕಸದ ಡಬ್ಬಗಳ ಹಿಂದೆ ಬಗ್ಗಿಕೊಂಡು ಹಿಂಬಾಲಿಸಿದೆ. ಸಿಗ್ನಲ್ ಹತ್ತಿರ ನಿಂತ, ಎರಡೂ ಕಡೆ ನೋಡಿದ, ದಾಟಿದ. ದಾಟಿದ ಮೇಲೆ ತಿರುಗದೆಯೇ ಕೂಗಿದ, “ಅಮ್ಮಾ, ಮನೆಗೆ ಹೋಗು!”

ಅಮ್ಮನಿಗೆ ಏನು ಹೇಳೋದು ಅಂತಲೂ ಕೇಳಿದಳು ಎದುರು ಮನೆ ಹುಡುಗಿ. ಸುಳ್ಳು ಹೇಳಬೇಡ, ನಡೆಯೋದಿಲ್ಲ ಅಂದೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಎಲ್ಲರ ಮುಖವೂ ಬಾಡಿರುತ್ತೆ. ವಿಡಿಯೋದಲ್ಲಿ ನಮ್ಮಮ್ಮ ಒಂದೇ ನೋಟಕ್ಕೆ ಹಿಡಿಯುತ್ತಿದ್ದರು: “ಯಾಕವ್ವ, ಮಕ ಯಾಕಿಂಗ್ ಬಾಡೋಗದೆ?” ಕಷ್ಟವನ್ನು ಅದು ಮುಗಿದ ಮೇಲೆ, ನಗುವ ಹಾಗೆ ಹೇಳಿ. 45ನೇ ಮನೆಯ ಕಥೆಯನ್ನು ಅಮ್ಮ ಇವತ್ತಿಗೂ ಮಂಡ್ಯದಲ್ಲಿ ಬಂದವರಿಗೆಲ್ಲ ಹೇಳುತ್ತಾರೆ.

ನಿನ್ನೆ ಹುಡುಗಿ ಪಟ್ಟಿ ತಿದ್ದಿಕೊಂಡು ಬಂದಳು. ಥರ್ಮಾಮೀಟರನ್ನು ಪಟ್ಟಿಯಿಂದ ಹೊಡೆದುಹಾಕಿದ್ದಳು, ತಾಯಿ ಕಾರ್ಡ್ ಎಲ್ಲದಕ್ಕಿಂತ ಮೇಲಿತ್ತು. ಕೊನೆಯಲ್ಲಿ ಹೊಸ ಸಾಲು: ‘ಮೈಸೂರು ಪಾಕ್ ಅರ್ಧ ಕೆಜಿ, ಕೆಳಗಿನ ಮನೆಗೆ’. ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಅಂತ ಅವಳಿಗಿನ್ನೂ ಗೊತ್ತಿಲ್ಲ.